ಮೊದಲು ಇಳಿಯುವ ಗದ್ದೆ, ಆಮೇಲೆ ಬೆಟ್ಟ: ಕೊಡಗಿನಲ್ಲಿ ಪ್ಯಾರಾಗ್ಲೈಡಿಂಗ್‌ಗೆ ತಯಾರಾಗುವ ಬಗೆ

ಕೋಟೆಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದವರಿಗೆ ಇಲ್ಲಿಂದ ಹಾರಿದರೆ ಹೇಗಿರಬಹುದು ಎಂಬ ಆಸೆ ಹುಟ್ಟದೆ ಇರದು. ಹುಲ್ಲಿನ ಇಳಿಜಾರಿದೆ, ಎದುರಿಗೆ ಬಾಯ್ದೆರೆದ ಕಣಿವೆಯಿದೆ, ಮುಖಕ್ಕೆ ಬಡಿಯುವ ಗಾಳಿಯೂ ಇದೆ. ಇಲ್ಲಿನ ಹುಡುಗ ಹುಡುಗಿಯರು ಪ್ಯಾರಾಗ್ಲೈಡಿಂಗ್ ಬಗ್ಗೆ ಮಾತೆತ್ತಿದಾಗ ಮೊದಲು ಕೇಳುವುದೂ ಇದನ್ನೇ: ಯಾವ ಬೆಟ್ಟದಿಂದ ಹಾರಬಹುದು? ಯಾವ ಗದ್ದೆಯಲ್ಲಿ ಇಳಿಯುತ್ತೀರಿ ಅಂತ ಮೊದಲು ಹೇಳಿ, ಬೆಟ್ಟದ ಮಾತು ಆಮೇಲೆ ಆಡೋಣ ಎನ್ನುತ್ತೇನೆ ನಾನು.

ಕಾರಣ ನಮ್ಮ ನೆಲದಲ್ಲೇ ಇದೆ. ಬೆಟ್ಟದ ನೆತ್ತಿ ಬೋಳಾಗಿದ್ದರೂ ಅದರ ಬುಡದಿಂದಾಚೆಗೆ ಕಣ್ಣು ಹಾಯಿಸಿದಷ್ಟೂ ಮರ. ಮೊದಲು ಶೋಲಾ ಕಾಡು, ಅದರ ಕೆಳಗೆ ಕಾಫಿ ತೋಟ, ತೋಟದ ತುಂಬ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮರಗಳ ನಡುವೆ ಹಾದುಹೋದ ಕರೆಂಟಿನ ತಂತಿ. ತೆರೆದ ಜಾಗವೆಂದರೆ ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಭತ್ತದ ಗದ್ದೆ ಮಾತ್ರ, ಅದೂ ವರ್ಷದಲ್ಲಿ ಕೆಲವೇ ತಿಂಗಳು ಖಾಲಿ. ಈ ಲೆಕ್ಕ ಹಿಡಿದುಕೊಂಡೇ ಮುಂದಿನ ಹಂತಗಳನ್ನು ಬರೆದಿದ್ದೇನೆ.

ಹಂತ 1: ಕಲಿಯುವುದು ಕೊಡಗಿನ ಹೊರಗೆ

ಮೊದಲ ಪಾಠಕ್ಕೆ ಕೊಡಗು ತಕ್ಕ ಜಾಗವಲ್ಲ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಕಾಮ್‌ಶೇತ್‌ನಲ್ಲೋ ಹಿಮಾಚಲದ ಬೀರ್‌ನಲ್ಲೋ ಕಲಿಯಿರಿ. ಕಾಮ್‌ಶೇತ್‌ನಲ್ಲಿ ತಗ್ಗು ಗುಡ್ಡಗಳಿವೆ, ಬುಡದಲ್ಲಿ ಬಯಲಿದೆ. ಹೊಸಬರು ಹತ್ತಡಿ ಮೇಲಕ್ಕೆದ್ದು ಮತ್ತೆ ಕಾಲೂರಿ, ರೆಕ್ಕೆ (ನಮ್ಮನ್ನು ಹೊತ್ತು ಹಾರುವ ಬಟ್ಟೆಯ ಹಾಸು) ಎತ್ತಿಕೊಂಡು ಮೇಲೆ ನಡೆದು, ಇಡೀ ದಿನ ಅದನ್ನೇ ಮಾಡಲು ಅನುಕೂಲ. ಮಳೆಗಾಲ ಮುಗಿದ ಅಕ್ಟೋಬರ್‌ನಿಂದ ಬೇಸಿಗೆಯವರೆಗೆ ಅಲ್ಲಿ ತರಬೇತಿ ನಡೆಯುತ್ತದೆ.

ಬೀರ್-ಬಿಲ್ಲಿಂಗ್ ಬೇರೆಯೇ ಪ್ರಮಾಣದ್ದು. ಬಿಲ್ಲಿಂಗ್‌ನ ಹಾರುವ ಜಾಗ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಇಳಿಯುವ ಬಯಲು ಅದಕ್ಕಿಂತ ಸುಮಾರು ಸಾವಿರ ಮೀಟರ್ ಕೆಳಗೆ ಬೀರ್ ಹಳ್ಳಿಯ ಬಳಿ. 2015ರ ಅಕ್ಟೋಬರ್‌ನಲ್ಲಿ ಭಾರತದ ಮೊದಲ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಅಲ್ಲೇ. ಧೌಲಾಧಾರ್ ಸಾಲು ದಕ್ಷಿಣಕ್ಕೆ ಮುಖಮಾಡಿ ನಿಂತಿರುವುದರಿಂದ ಬೆಳಗಿನಿಂದ ಸಂಜೆವರೆಗೆ ಅದಕ್ಕೆ ಬಿಸಿಲು ಬೀಳುತ್ತದೆ. ಕಾದ ಇಳಿಜಾರಿನಿಂದ ಬಿಸಿಗಾಳಿ ಏಳುತ್ತದೆ. ಅಂಥ ಕಡೆಯೇ ಹಿಮಾಚಲ ಸರ್ಕಾರ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟ ನಿಲ್ಲಿಸುತ್ತದೆ. ನಮ್ಮ ಮಳೆಗಾಲ ಅದಕ್ಕಿಂತ ಉದ್ದ ಎಂಬುದು ನೆನಪಿರಲಿ.

ಮೊದಲು ಪೈಲಟ್ ಜೊತೆ ಒಂದು ಟ್ಯಾಂಡಮ್ ಹಾರಾಟ ಮಾಡಿ ನೋಡಿ. ಹೊಟ್ಟೆ ತೊಳಸುವುದೋ ಹೆದರಿಕೆಯೋ ಇದ್ದರೆ ಆಗಲೇ ಗೊತ್ತಾಗುತ್ತದೆ. ಆಮೇಲೆ ಪೂರ್ತಿ ಕೋರ್ಸ್ ಸೇರಿ, ಒಬ್ಬರೇ ಹಾರಿ ಗೊತ್ತುಮಾಡಿದ ಜಾಗದಲ್ಲೇ ಇಳಿಯುವಷ್ಟು ಹಿಡಿತ ಬರುವ ತನಕ ಗುರುಗಳ ರೇಡಿಯೊ ಮಾತು ಕಿವಿಯಲ್ಲಿರಲಿ. ಎರಡು ದಿನದಲ್ಲಿ ಪೈಲಟ್ ಮಾಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಇನ್ನು ವಿಡಿಯೊ ನೋಡಿ ಕಲಿತು, ಸೆಕೆಂಡ್ ಹ್ಯಾಂಡ್ ರೆಕ್ಕೆ ತರಿಸಿಕೊಂಡು ಮನೆ ಹಿಂದಿನ ಬಾಣೆಯ ಗುಡ್ಡದಿಂದ ಓಡುವ ಆಲೋಚನೆ ಯಾರಿಗಾದರೂ ಇದ್ದರೆ ಕೈಮುಗಿದು ಕೇಳಿಕೊಳ್ಳುತ್ತೇನೆ, ಅದು ಬೇಡ.

ಹಂತ 2: ನಮ್ಮ ವರ್ಷವನ್ನು ಹಾರುವವರ ಕಣ್ಣಿನಿಂದ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತೇ ಇಲ್ಲ. ಕಕ್ಕಡ ಮಾಸದ ಮಳೆಯಲ್ಲಿ ಭಾಗಮಂಡಲದ ಕಡೆ ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ನೈರುತ್ಯದಿಂದ ನುಗ್ಗುವ ಗಾಳಿ ಬೆಟ್ಟದ ನೆತ್ತಿಯಲ್ಲಿ ಮನುಷ್ಯರನ್ನೇ ತಳ್ಳುತ್ತದೆ.

ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ತಿಳಿಯಾಗತೊಡಗುತ್ತದೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದವರಿಗೆ ಗೊತ್ತಿರುತ್ತದೆ, ಬೆಳಿಗ್ಗೆ ಹೊಳೆವ ಬಿಸಿಲು, ಮಧ್ಯಾಹ್ನ ಗುಡುಗು. ಬೆಳಗಿನ ಗಾಳಿ ಹದವಾಗಿದ್ದರೂ ಇಳಿಯುವುದೆಲ್ಲಿ? ಗದ್ದೆಯಲ್ಲಿ ಭತ್ತ ಎದೆಮಟ್ಟ ನಿಂತಿರುತ್ತದೆ, ಬುಡದಲ್ಲಿ ಇನ್ನೂ ಕೆಸರು. ಬೇರೊಬ್ಬರ ವರ್ಷದ ಅನ್ನದ ಮೇಲೆ ಇಳಿಯುವ ಹಕ್ಕು ಯಾರಿಗೂ ಇಲ್ಲ.

ಸುಗ್ಗಿಯ ಹಬ್ಬ ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ನಮ್ಮ ಕಾಲ ಬರುತ್ತದೆ. ಜನವರಿಯಿಂದ ಮಾರ್ಚ್ ಮೊದಲ ವಾರಗಳ ತನಕ ಗದ್ದೆ ಒಣಗಿ ಗಟ್ಟಿಯಾಗಿರುತ್ತದೆ, ಕೂಳೆ ಮಾತ್ರ ಉಳಿದಿರುತ್ತದೆ. ಬೆಳಿಗ್ಗೆ ಕಣಿವೆ ತುಂಬ ಮಂಜು. ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಹೋದವರೆಲ್ಲ ಫೋಟೊ ತೆಗೆಯುವ ಆ ಬಿಳಿ ಸಮುದ್ರ ಹಾರುವವರಿಗೆ ಹೇಳುವುದು ಇಷ್ಟೇ: ತಳದಲ್ಲಿ ತಣ್ಣನೆ ಗಾಳಿ ಕೂತಿದೆ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದೆ, ಬಿಸಿಲೇರಿ ಅದು ಒಡೆಯುವ ತನಕ ಮೇಲೆತ್ತುವ ಗಾಳಿ ಸಿಗದು, ಇಳಿಯುವ ಗದ್ದೆಯೂ ಕಾಣದು.

ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ನಿರೀಕ್ಷೆ ಶುರು. ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ನೆನೆದ ತೋಟದ ಮೇಲೆ ಬಿಸಿಗಾಳಿ ಏಳುವುದಿಲ್ಲ, ಪಕ್ಕದ ಒಣ ಗುಡ್ಡದ ಮೇಲೆ ಜೋರಾಗಿ ಏಳುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದೂ ಇದೇ ಕಾಲದಲ್ಲಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೋಡ ನೋಡನೋಡುತ್ತಿದ್ದಂತೆ ಗುಡುಗು ಮೋಡವಾಗುತ್ತದೆ. ಮಳೆ ಸುರಿಯುವ ಮೋಡದಿಂದ ಕೆಳಗೆ ಬಿದ್ದ ತಣ್ಣನೆ ಗಾಳಿ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುತ್ತದೆ, ಅದು ಹತ್ತಾರು ಕಿಲೋಮೀಟರ್ ದೂರದವರೆಗೂ ತಲುಪಬಹುದು. ತಲೆ ಮೇಲೆ ನೀಲಿ ಆಕಾಶವಿದ್ದರೂ ಗುಡುಗು ಕೇಳಿದರೆ ಆ ದಿನ ಮುಗಿಯಿತು.

ಹಂತ 3: ರೆಕ್ಕೆ ಕೊಳ್ಳುವ ಮೊದಲು ಒಂದು ಬೇಸಿಗೆ ಗಾಳಿ ನೋಡಿ

ನನಗೆ ಅತ್ಯಂತ ಇಷ್ಟವಾದ ಹಂತ ಇದು. ದುಡ್ಡು ಖರ್ಚಿಲ್ಲ, ಅಪಾಯವೂ ಇಲ್ಲ. ಒಂದು ನೋಟ್‌ಬುಕ್, ಕೈಯಲ್ಲಿ ಹಿಡಿಯುವ ಗಾಳಿಮಾಪಕ, ಒಂದು ದಿಕ್ಸೂಚಿ ಸಾಕು. ಮಡಿಕೇರಿಯವರಾದರೆ ರಾಜಾಸೀಟಿನ ಕಟ್ಟೆಯೇ ನಿಮ್ಮ ಶಾಲೆ. ಅಲ್ಲಿಂದ ಹಾರುವಂತಿಲ್ಲ, ಆದರೆ ಪಶ್ಚಿಮದ ಕಣಿವೆ ಪೂರ್ತಿ ಕಾಣುತ್ತದೆ. ಸಮಯ, ದಿಕ್ಕು, ಐದು ನಿಮಿಷದಲ್ಲಿ ಕಂಡ ಅತಿ ಕಡಿಮೆ ಮತ್ತು ಅತಿ ಹೆಚ್ಚು ವೇಗ, ಮೋಡ ಸಾಗುವ ದಿಕ್ಕು ಇವಿಷ್ಟನ್ನು ಬರೆದುಕೊಳ್ಳಿ. ನೆಲದ ಗಾಳಿ ಒಂದು ಕಡೆ, ಮೋಡ ಇನ್ನೊಂದು ಕಡೆ ಹೋಗುತ್ತಿದ್ದರೆ ಅದರ ಕೆಳಗೆ ದಪ್ಪ ಗೆರೆ ಎಳೆಯಿರಿ.

ಕಣಿವೆಯ ಗಾಳಿಗೆ ದಿನಚರಿ ಇದೆ. ರಾತ್ರಿಯೆಲ್ಲ ತಣ್ಣಗಾದ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ. ಬಿಸಿಲು ಬಿದ್ದ ಮೇಲೆ ಇಳಿಜಾರು ಕಾದು ಗಾಳಿ ಮೇಲಕ್ಕೆ ತಿರುಗುತ್ತದೆ, ಪೂರ್ವಕ್ಕೆ ಮುಖಮಾಡಿದ ಗುಡ್ಡಗಳಲ್ಲಿ ಮೊದಲು, ಪಶ್ಚಿಮದವುಗಳಲ್ಲಿ ತಡವಾಗಿ. ಮಧ್ಯಾಹ್ನದ ಹೊತ್ತಿಗೆ ಇಡೀ ಕಣಿವೆಯ ಉದ್ದಕ್ಕೂ ಗಾಳಿ ಬೀಸತೊಡಗುತ್ತದೆ, ಕಣಿವೆ ಕಿರಿದಾಗುವಲ್ಲಿ ಅದರ ವೇಗ ಏರುತ್ತದೆ. ಸಂಪಾಜೆ ಘಾಟಿಯಂಥ ಇಕ್ಕಟ್ಟುಗಳಿಂದ, ಎರಡು ಗುಡ್ಡಗಳ ನಡುವಿನ ತಗ್ಗುಗಳಿಂದ ದೂರವಿರಬೇಕು ಎನ್ನುವುದು ಇದಕ್ಕೇ.

ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ, ಅದನ್ನು ಅರ್ಥಮಾಡಿಕೊಳ್ಳದೆ ಯಾರೂ ಇಲ್ಲಿ ಹಾರಬಾರದು. ಚಳಿಗಾಲದಲ್ಲಿ ದೊಡ್ಡ ಗಾಳಿ ಪೂರ್ವ, ಈಶಾನ್ಯದ ಕಡೆಯಿಂದ ಬಂದು ಘಟ್ಟದ ಅಂಚು ದಾಟಿ ಪಶ್ಚಿಮಕ್ಕೆ ಇಳಿಯುತ್ತದೆ. ಆಗ ಪಶ್ಚಿಮದ ಇಳಿಜಾರೆಲ್ಲ ಮರೆಗಾಳಿಯ ಕಡೆ; ಅಲ್ಲಿ ಗಾಳಿ ಸುರುಳಿ ಸುತ್ತಿ ಉರುಳುತ್ತಿರುತ್ತದೆ. ಮಧ್ಯಾಹ್ನ ಅರಬ್ಬೀ ಸಮುದ್ರದ ಕಡೆಯ ಗಾಳಿ ಕೇರಳ, ದಕ್ಷಿಣ ಕನ್ನಡದ ಬಯಲು ದಾಟಿ ಘಟ್ಟ ಹತ್ತಿ ಬರುತ್ತದೆ. ಎರಡೂ ಎದುರಾದ ಕಡೆ ಬೆಟ್ಟದ ಅಂಚಿನುದ್ದಕ್ಕೂ ಮೋಡ ಸಾಲುಗಟ್ಟುತ್ತದೆ.

ಬಲೆ ಇರುವುದು ಇಲ್ಲೇ. ಜನವರಿಯ ಮಧ್ಯಾಹ್ನ ಪಶ್ಚಿಮದ ಇಳಿಜಾರಿನಲ್ಲಿ ನಿಂತರೆ ಎದುರಿನಿಂದ ಹದವಾದ ಗಾಳಿ ಬರುತ್ತಿರುವಂತೆ ಕಾಣಬಹುದು. ಅದು ಇಳಿಜಾರಿನ ಬಿಸಿಗಾಳಿ ಕೆಳಗಿನಿಂದ ಎಳೆದುಕೊಂಡದ್ದಷ್ಟೇ ಆಗಿರಬಹುದು. ತಲೆಯಿಂದ ಐವತ್ತು ಮೀಟರ್ ಮೇಲೆ ನಿಜವಾದ ಗಾಳಿ ಬೆನ್ನ ಹಿಂದಿನಿಂದ ಹಾದುಹೋಗುತ್ತಿರುತ್ತದೆ. ಗುರುತಿಸುವ ದಾರಿ ಇದೆ. ಹತ್ತು ಹದಿನೈದು ನಿಮಿಷ ಸುಮ್ಮನೆ ನಿಂತು ಗಾಳಿ ತಗ್ಗಿದಾಗ ಏನಾಗುತ್ತದೆ ನೋಡಿ. ಆಗ ಕುತ್ತಿಗೆಯ ಹಿಂಭಾಗಕ್ಕೆ ತಂಪು ತಾಗಿದರೆ, ಹುಲ್ಲು ಕೆಳಮುಖವಾಗಿ ಬಾಗಿದರೆ, ಮೋಡ ಬೆನ್ನ ಹಿಂದಿನಿಂದ ಬಂದು ತಲೆ ಮೇಲೆ ಹಾದರೆ ರೆಕ್ಕೆ ಬಿಚ್ಚಲೇಬೇಡಿ.

ಗಾಳಿಯನ್ನು ಕಣ್ಣಿಂದ ನೋಡಲು ನಮಗೆ ಒಂದು ಅನುಕೂಲವಿದೆ, ಬೇರೆ ಕಡೆ ಹಾರುವ ಬಹಳ ಮಂದಿಗೆ ಇದು ಸಿಗದು. ಸಿಲ್ವರ್ ಓಕ್ ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ಬೆಳ್ಳಿ. ಗಾಳಿ ಬೀಸಿದಾಗ ಎಲೆ ಮಗುಚಿ ಬೆಳ್ಳಿ ಮೇಲಾಗುತ್ತದೆ. ಎತ್ತರದಲ್ಲಿ ನಿಂತು ನೋಡಿದರೆ ಕೆಳಗಿನ ತೋಟದಲ್ಲಿ ಒಂದು ಬಿಳಿ ಅಲೆ ಹುಟ್ಟಿ, ಇಳಿಜಾರು ಹತ್ತುತ್ತಾ ನಿಮ್ಮ ಕಡೆಗೇ ಬರುವುದು ಕಾಣುತ್ತದೆ. ಅದು ನಿಮ್ಮನ್ನು ತಲುಪಲು ಎಷ್ಟು ಸೆಕೆಂಡ್ ಬೇಕಾಯಿತು, ತಲುಪಿದಾಗ ಗಾಳಿಮಾಪಕ ಎಷ್ಟು ತೋರಿಸಿತು, ಎರಡು ಅಲೆಗಳ ನಡುವೆ ಎಷ್ಟು ಬಿಡುವಿತ್ತು ಎಂದು ಬರೆದಿಡಿ. ಅಲೆ ಒಂದೇ ದಿಕ್ಕಿನಿಂದ ಸಮ ಅಂತರದಲ್ಲಿ ಬಂದರೆ ಒಳ್ಳೆಯ ದಿನ. ತೋಟದ ಅಲ್ಲಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಎಲೆ ಮಗುಚುತ್ತಿದ್ದರೆ ಅಲ್ಲಿ ಗಾಳಿ ಉರುಳಾಡುತ್ತಿದೆ.

ಬಿಸಿಗಾಳಿ ಎಲ್ಲಿಂದ ಏಳುತ್ತದೆ ಎಂದು ಊಹಿಸುವುದನ್ನೂ ಈಗಲೇ ರೂಢಿಸಿಕೊಳ್ಳಿ. ಬೋಳು ಬಂಡೆ, ಒಣ ಗದ್ದೆ, ಕಾಫಿ ಹರವಿದ ಸಿಮೆಂಟ್ ಕಣ ಬೇಗ ಕಾಯುತ್ತವೆ. ಕಣದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತಿದ್ದರೆ ಅಲ್ಲಿ ಕಂಬದಂತೆ ಗಾಳಿ ಏಳುತ್ತಿದೆ. ಸಂಜೆ ಗದ್ದೆ ತಣ್ಣಗಾದ ಮೇಲೆ ದಿನವಿಡೀ ಬಿಸಿಲು ಕುಡಿದ ಕಾಡು ನಿಧಾನಕ್ಕೆ ಶಾಖ ಬಿಡುತ್ತದೆ, ಆಗ ಕಣಿವೆಯ ನಡುವೆ ಮೃದುವಾಗಿ ಎತ್ತುವ ಗಾಳಿ ಸಿಗುವುದುಂಟು.

ಮೋಡದ ಎತ್ತರಕ್ಕೆ ಒಂದು ಸುಲಭ ಲೆಕ್ಕ. ಗಾಳಿಯ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿದರೆ ಮೋಡದ ತಳ ನೀವು ನಿಂತ ಜಾಗದಿಂದ ಸುಮಾರು ಎಷ್ಟು ಮೀಟರ್ ಮೇಲಿದೆ ಎಂದು ಸಿಗುತ್ತದೆ. ಮಡಿಕೇರಿಯಲ್ಲಿ 26 ಡಿಗ್ರಿ ಇದ್ದು ಇಬ್ಬನಿ ಬಿಂದು 18 ಇದ್ದರೆ ಮೋಡ ಸಾವಿರ ಮೀಟರ್ ಮೇಲೆ. ಮಡಿಕೇರಿಯೇ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಮೋಡದ ತಳ 2,150ರ ಆಸುಪಾಸು, 1,748 ಮೀಟರ್ ಎತ್ತರದ ತಡಿಯಂಡಮೋಳ್‌ಗಿಂತ ನಾನೂರು ಮೀಟರ್ ಮೇಲೆ. ಮೇ ತಿಂಗಳಲ್ಲಿ 27 ಡಿಗ್ರಿಗೆ ಇಬ್ಬನಿ ಬಿಂದು 22 ಆಯಿತೆಂದರೆ ಮೋಡ 1,775ಕ್ಕೆ ಇಳಿದು ತಡಿಯಂಡಮೋಳ್‌ನ ನೆತ್ತಿಗೆ ತಾಗುವಂತಿರುತ್ತದೆ. ಮೋಡದೊಳಗೆ ಹೊಕ್ಕವರಿಗೆ ಬೆಟ್ಟ ಯಾವ ಕಡೆ ಎಂದು ತಿಳಿಯದು.

ಹಂತ 4: ಇಳಿಯುವ ಗದ್ದೆ ಹುಡುಕುವುದು

ಮೊದಲು ಭೂಪಟದಲ್ಲಿ ಗುರುತಿಸಿ, ಆಮೇಲೆ ಕಾಲ್ನಡಿಗೆಯಲ್ಲಿ ಹೋಗಿ. ಉಪಗ್ರಹ ಚಿತ್ರದಲ್ಲಿ ತಂತಿ ಕಾಣುವುದಿಲ್ಲ, ಬದುವಿನ ಎತ್ತರ ಕಾಣುವುದಿಲ್ಲ. ಮೇಲಿನಿಂದ ಬರುವಾಗ ತಂತಿ ನಿಮ್ಮ ಕಣ್ಣಿಗೂ ಬೀಳದು. ಅದಕ್ಕೇ ಕಂಬ ಹುಡುಕಿ. ಒಂದು ಕಂಬ ಕಂಡರೆ ಇನ್ನೊಂದು ಎಲ್ಲಿದೆ ನೋಡಿ, ನಡುವೆ ತಂತಿ ಇದೆ ಎಂದೇ ತಿಳಿಯಿರಿ. ಕೊಡಗಿನ ಗದ್ದೆ ಬಯಲುಗಳನ್ನು ಅಡ್ಡ ಹಾಯುವ 11 ಕೆ.ವಿ. ಮಾರ್ಗಗಳು ಬಹಳ. ಪಂಪ್‌ಸೆಟ್‌ಗೆ ಎಳೆದ ಒಂಟಿ ತಂತಿಗಳು ಬೇರೆ. ಎಲ್ಲವನ್ನೂ ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಆನೆ, ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿ, ಮುಳ್ಳುತಂತಿಗಳನ್ನೂ ಸೇರಿಸಿ.

ಗದ್ದೆಯ ಉದ್ದ ಅಗಲಕ್ಕಿಂತ ಅದರ ಅಂಚಿನ ಮರದ ಎತ್ತರ ಮುಖ್ಯ. ಗಾಳಿ ಮರದ ಸಾಲು ದಾಟಿ ಬಂದಾಗ ಅದರ ಹಿಂದೆ ಮರದೆತ್ತರದ ಏಳೆಂಟು ಪಟ್ಟು ದೂರದವರೆಗೂ ಕಲಕಿರುತ್ತದೆ. 25 ಮೀಟರ್‌ನ ಸಿಲ್ವರ್ ಓಕ್ ಸಾಲಿದ್ದರೆ ಅದರ ಹಿಂದಿನ ಇನ್ನೂರು ಮೀಟರ್ ನಂಬಿಕೆಗೆ ಅರ್ಹವಲ್ಲ. ನಮ್ಮ ಗದ್ದೆಗಳು ಉದ್ದವಾಗಿ, ಇಕ್ಕಟ್ಟಾಗಿ, ಎರಡೂ ಕಡೆ ತೋಟಗಳ ನಡುವೆ ಇರುವುದರಿಂದ ಗಾಳಿ ಗದ್ದೆಯ ಉದ್ದಕ್ಕೆ ಬೀಸುವ ದಿನ ಮಾತ್ರ ಅಲ್ಲಿ ಇಳಿಯಬಹುದು, ಅಡ್ಡ ಬೀಸುವ ದಿನ ಬೇಡ. ಕುಶಾಲನಗರದ ಕಡೆ ನೆಲ ಚಪ್ಪಟೆಯಾಗಿ, ಬಯಲು ಅಗಲವಾಗಿ ಇರುವುದರಿಂದ ನೆಲದ ಮೇಲೆ ರೆಕ್ಕೆ ಎತ್ತಿ ನಿಲ್ಲಿಸುವ ಅಭ್ಯಾಸಕ್ಕೆ ಅದೇ ಒಳ್ಳೆಯದು.

ಗದ್ದೆಯ ಮಾಲೀಕರನ್ನು ಕೇಳಲೇಬೇಕು. ಫೋನ್ ಬೇಡ, ಮನೆಗೆ ಹೋಗಿ, ಕೂತು ಮಾತಾಡಿ.

"ಅಣ್ಣಾ, ಕೊಯ್ಲು ಮುಗಿಯಿತಲ್ಲ, ಈ ಗದ್ದೆ ಇನ್ನು ಯಾವಾಗ ಉಳುತ್ತೀರಿ?"

"ಮಳೆ ನೋಡಿಕೊಂಡು. ಯಾಕೆ, ಕ್ರಿಕೆಟ್ ಆಡಲಿಕ್ಕಾ?"

"ಅಲ್ಲ ಅಣ್ಣಾ, ಪ್ಯಾರಾಗ್ಲೈಡರ್‌ನಲ್ಲಿ ಬಂದು ಇಳಿಯಲಿಕ್ಕೆ. ಬದು ಮುರಿದರೆ ನಾವೇ ಕಟ್ಟಿಕೊಡುತ್ತೇವೆ."

"ಆ ಕೊನೆಯ ಮಡಿಯಲ್ಲಿ ಹಸು ಕಟ್ಟುತ್ತೇವೆ, ಅದೊಂದು ಬಿಟ್ಟು ಎಲ್ಲಿ ಬೇಕಾದರೂ ಇಳಿಯಿರಿ."

ಹಸು ಎಲ್ಲಿರುತ್ತದೆ ಎಂಬುದು ಯಾವ ಭೂಪಟದಲ್ಲೂ ಸಿಗುವುದಿಲ್ಲ.

ಇನ್ನು ದೂರದ ಲೆಕ್ಕ. ಕಲಿಯುವವರ ರೆಕ್ಕೆ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಎಂಟು ಮೀಟರ್ ಮುಂದೆ ಹೋಗುತ್ತದೆ. ಅದರ ಸಹಜ ವೇಗ ಗಂಟೆಗೆ ಸುಮಾರು 36 ಕಿ.ಮೀ. ಎದುರಿನಿಂದ 18 ಕಿ.ಮೀ. ಗಾಳಿ ಬೀಸಿದರೆ ನೆಲದ ಮೇಲೆ ಸಾಗುವುದು 18 ಮಾತ್ರ, ಎಂಟು ಮೀಟರ್ ನಾಲ್ಕಕ್ಕೆ ಇಳಿಯಿತು. ಅದಕ್ಕೇ ನಾನು ಯಾವಾಗಲೂ ನಾಲ್ಕರ ಲೆಕ್ಕ ಹಾಕುತ್ತೇನೆ. ಬೆಟ್ಟ ಗದ್ದೆಗಿಂತ 400 ಮೀಟರ್ ಎತ್ತರವಿದ್ದರೆ ಗದ್ದೆ 1.6 ಕಿಲೋಮೀಟರ್ ಒಳಗಿರಬೇಕು. ಅದಕ್ಕಿಂತ ದೂರವಿದ್ದರೆ ಆ ಬೆಟ್ಟ ಎಷ್ಟೇ ಚೆಂದವಿರಲಿ, ಕೈಬಿಡಿ. ನಡುದಾರಿಯಲ್ಲಿ ಇನ್ನೊಂದು ಚಿಕ್ಕ ಗದ್ದೆಯಾದರೂ ಇರಲೇಬೇಕು.

ಹಂತ 5: ಈಗ ಬೆಟ್ಟ, ಅದಕ್ಕೂ ಮೊದಲು ಅನುಮತಿ

ಹಾರುವ ಇಳಿಜಾರು 25ರಿಂದ 30 ಡಿಗ್ರಿ ವಾಲಿರಬೇಕು, ಹುಲ್ಲು ಮಾತ್ರ ಇರಬೇಕು, ಬೇಲಿ, ಕಲ್ಲು, ಪೊದೆ ಇರಬಾರದು. ಓಟ ನಡುವೆ ನಿಲ್ಲಿಸಲು ಜಾಗ ಬೇಕು. ಕೆಳಗೆ ಕಡಿದಾದ ಪ್ರಪಾತವಿರುವ ಅಂಚುಗಳು ಫೋಟೊಗೆ ಚೆನ್ನ, ಹಾರಲು ಕೆಟ್ಟವು. ಅಂಚಿನಲ್ಲೇ ಗಾಳಿ ಮುರಿದು ಹಿಂದಕ್ಕೆ ಸುರುಳಿ ಸುತ್ತುತ್ತದೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಡಿಕೇರಿಯ ಸುತ್ತಲಿನ ಎಷ್ಟೋ ಇಳಿಜಾರುಗಳ ಆಕಾರವೇ ಬದಲಾಗಿದೆ, ಹಳೆಯ ಫೋಟೊ ನೋಡಿ ನಿರ್ಧಾರ ಮಾಡಬೇಡಿ.

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಜೀವಿಧಾಮಗಳು, ದಕ್ಷಿಣದಲ್ಲಿ ನಾಗರಹೊಳೆ. ಇವುಗಳೊಳಗೆ ಹಾರುವ ಯೋಚನೆಯೇ ಬೇಡ. ಮೀಸಲು ಅರಣ್ಯದ ಬೆಟ್ಟಗಳಿಗೆ, ಅಂದರೆ ಜನಪ್ರಿಯ ಚಾರಣದ ಬೆಟ್ಟಗಳಲ್ಲಿ ಬಹಳಷ್ಟಕ್ಕೆ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಚಾರಣದ ಟಿಕೆಟ್ ಇದ್ದ ಮಾತ್ರಕ್ಕೆ ಹಾರಲು ಅನುಮತಿ ಸಿಕ್ಕಂತಲ್ಲ. ಹೀಗಾಗಿ ಖಾಸಗಿ ಬಾಣೆಯ ಹುಲ್ಲುಗುಡ್ಡಗಳೇ ವಾಸ್ತವದಲ್ಲಿ ಉಳಿಯುವ ಆಯ್ಕೆ. ದೇವರಕಾಡಿನ ಪಕ್ಕದ ಗುಡ್ಡವಾದರೆ ಊರಿನ ಹಿರಿಯರನ್ನೂ ಕೇಳಿ.

ಆಕಾಶಕ್ಕೂ ಕಾನೂನಿದೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆಯ ಪಶ್ಚಿಮದ ಆಕಾಶ ಮೊದಲಿನಂತಿಲ್ಲ. ನಿಯಂತ್ರಿತ ವಾಯುಪ್ರದೇಶ ಎಲ್ಲಿಂದ ಶುರುವಾಗುತ್ತದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಕೇಂದ್ರ ಸರ್ಕಾರದ 2022ರ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಪ್ಯಾರಾಗ್ಲೈಡಿಂಗನ್ನೂ ಒಳಗೊಂಡಿದೆ. ಜಿಲ್ಲಾಡಳಿತಕ್ಕೆ, ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿದರೆ "ಆಕಾಶದಿಂದ ಯಾರೋ ಬಿದ್ದರು" ಎಂಬ ಗಾಬರಿ ಹುಟ್ಟುವುದಿಲ್ಲ.

ಹಂತ 6: ಸಾಮಾನು

ಯೂರೋಪಿನ ಇ.ಎನ್. ಸುರಕ್ಷತಾ ಪರೀಕ್ಷೆಯಲ್ಲಿ ಹೊಸಬರಿಗೆ ತಕ್ಕ ಎ ವರ್ಗ ಪಡೆದ ರೆಕ್ಕೆ, ಅದೂ ನಿಮ್ಮ ತೂಕಕ್ಕೆ ಹೊಂದುವಂಥದ್ದು. ಬೆನ್ನಿಗೆ ರಕ್ಷಣೆಯಿರುವ ಹಾರ್ನೆಸ್ (ಪಟ್ಟಿಗಳಿಂದ ಬಿಗಿದುಕೊಂಡು ಕೂರುವ ಸೀಟು), ರೆಕ್ಕೆ ಕೈಕೊಟ್ಟಾಗ ಬಿಚ್ಚುವ ರಿಸರ್ವ್ ಪ್ಯಾರಾಚೂಟ್, ಹೆಲ್ಮೆಟ್, ಕಾಲಿನ ಗಿಣ್ಣು ಮುಚ್ಚುವ ಬೂಟು, ರೇಡಿಯೊ, ಸೀಟಿ, ಹಗ್ಗ ಕತ್ತರಿಸುವ ಚಾಕು. ಹಳೆಯ ರೆಕ್ಕೆ ಕೊಳ್ಳುವುದಾದರೆ ಬಟ್ಟೆಯೊಳಗಿಂದ ಗಾಳಿ ಎಷ್ಟು ಸೋರುತ್ತದೆ, ಹಗ್ಗಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿದ ವರದಿ ಕೇಳಿ. ಪರವಾನಗಿ ಇಲ್ಲದ ಸ್ಯಾಟಲೈಟ್ ಸಂಪರ್ಕ ಸಾಧನ ಇಟ್ಟುಕೊಳ್ಳುವುದು ಭಾರತದಲ್ಲಿ ಕಾನೂನುಬಾಹಿರ, ವಿದೇಶದ ಗೆಳೆಯರು ಕೊಟ್ಟರೂ ತರಬೇಡಿ.

ಕೊಡಗಿಗೆಂದೇ ಇನ್ನೊಂದು ವಸ್ತು: ಮೂವತ್ತು ಮೀಟರ್ ಉದ್ದದ ತೆಳ್ಳನೆಯ ಗಟ್ಟಿ ದಾರದ ಉಂಡೆ. ಹಲ್ಲು ಶುಚಿ ಮಾಡುವ ಫ್ಲಾಸ್ ಆದರೂ ನಡೆಯುತ್ತದೆ. ಮರದಲ್ಲಿ ಸಿಕ್ಕಿಕೊಂಡಾಗ ತುದಿಗೆ ಭಾರ ಕಟ್ಟಿ ಕೆಳಗಿಳಿಸಿದರೆ, ಅದಕ್ಕೆ ಕಟ್ಟಿಕೊಟ್ಟ ದಪ್ಪ ಹಗ್ಗವನ್ನು ಮೇಲಕ್ಕೆ ಎಳೆದುಕೊಳ್ಳಬಹುದು.

ಹಂತ 7: ಹಾರುವ ದಿನ

ಬೆಳಿಗ್ಗೆ ಮೊದಲು ಗದ್ದೆಗೆ ಹೋಗಿ. ಗಾಳಿಪಟ್ಟಿ ಕಟ್ಟಿ, ಹೊಸ ತಂತಿ, ಬೇಲಿ, ಸ್ಪ್ರಿಂಕ್ಲರ್ ಪೈಪ್ ಬಂದಿದೆಯೇ ನೋಡಿ, ಒಬ್ಬರನ್ನು ರೇಡಿಯೊ ಕೊಟ್ಟು ಅಲ್ಲೇ ನಿಲ್ಲಿಸಿ. ಆಮೇಲೆ ಬೆಟ್ಟ ಹತ್ತಿ. ಎದುರು ಗಾಳಿ ಗಂಟೆಗೆ 10ರಿಂದ 20 ಕಿ.ಮೀ. ಇದ್ದರೆ ಹಿತ. 25 ದಾಟಿದರೆ ಹೊಸಬರು ರೆಕ್ಕೆ ಬಿಚ್ಚಬಾರದು, ಏಕೆಂದರೆ ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟು. ಸರಾಸರಿ ಕಡಿಮೆಯಿದ್ದರೂ ಕೆಲವೇ ಸೆಕೆಂಡಿನಲ್ಲಿ 8ರಿಂದ 20ಕ್ಕೆ ಜಿಗಿಯುತ್ತಿದ್ದರೆ ಅಂದು ಬೇಡ.

ಹೊರಡುವ ಮುನ್ನ ಹೆಲ್ಮೆಟ್, ಎದೆಯ ಮತ್ತು ತೊಡೆಯ ಬಕಲ್‌ಗಳು, ರಿಸರ್ವ್‌ನ ಪಿನ್, ಹಗ್ಗಗಳು, ರೆಕ್ಕೆಯೊಳಗೆ ಗಾಳಿ ಹೊಗುವ ಮುಂಬದಿಯ ಬಾಯಿ ತೆರೆದಿದೆಯೇ, ಗಾಳಿಯ ದಿಕ್ಕು, ಎದುರಿನ ಆಕಾಶ ಖಾಲಿಯೇ ಎಂದು ಪ್ರತಿ ಸಲವೂ ಅದೇ ಕ್ರಮದಲ್ಲಿ ನೋಡಿ. ತೊಡೆಯ ಬಕಲ್ ಹಾಕದೆ ಓಡಿದವರು ಹಾರ್ನೆಸ್‌ನಿಂದ ಜಾರುತ್ತಾರೆ. ಮಾತಾಡಿಸಲು ಬಂದ ಪ್ರವಾಸಿಗರಿಗೆ ಆಮೇಲೆ ಉತ್ತರಿಸಿದರಾಯಿತು. ನಡುವೆ ಗಮನ ತಪ್ಪಿದರೆ ಮೊದಲಿನಿಂದ ಶುರುಮಾಡಿ.

ಗಾಳಿಯಲ್ಲಿದ್ದಾಗ ಬೆಟ್ಟದ ಕಡೆಗೆ ತಿರುಗಬೇಡಿ, ಯಾವಾಗಲೂ ಹೊರಗಡೆ ತಿರುಗಿ. ಎದುರಿಗೆ ಇನ್ನೊಬ್ಬರು ಬಂದರೆ ಬೆಟ್ಟ ಯಾರ ಬಲಕ್ಕಿದೆಯೋ ಅವರು ನೇರ ಹೋಗುತ್ತಾರೆ, ಇನ್ನೊಬ್ಬರು ದಾರಿ ಬಿಡಬೇಕು. ರೆಕ್ಕೆಯ ಒಂದು ಬದಿ ಮುದುಡಿದರೆ ಮೊದಲು ತೂಕವನ್ನು ತೆರೆದ ಬದಿಗೆ ಹಾಕಿ ದಿಕ್ಕು ಹಿಡಿದುಕೊಳ್ಳಿ, ಆಮೇಲೆ ಮುದುಡಿದ ಬದಿಯನ್ನು ಬಿಡಿಸಿ. ಗದ್ದೆ ತಲುಪಲು ಬೇಕಾದ ಎತ್ತರ ಕೈತಪ್ಪುವ ಮೊದಲೇ ಹೊರಡಿ. ಇನ್ನೊಂದು ಸುತ್ತು ಹಾಕೋಣ ಎಂಬ ಆಸೆಗೆ ಕೊಡಗಿನಲ್ಲಿ ಬೆಲೆ ಹೆಚ್ಚು, ಕೆಳಗಿರುವುದು ತೋಟ.

ಗದ್ದೆಯ ಮೇಲೆ ಬಂದಾಗ ಒಂದು ಬದಿಯಲ್ಲಿ ಎತ್ತರ ಕಳೆದುಕೊಂಡು, ಗಾಳಿಗೆ ಮುಖ ಮಾಡಿ ಕೊನೆಯ ನೇರಕ್ಕೆ ಬನ್ನಿ. ಬದುಗಳಿಗೆ ಅಡ್ಡಲಾಗಿ ಓಡುವಂತಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಆದಷ್ಟೂ ಒಂದೇ ಮಡಿಯೊಳಗೆ ಮುಗಿಯುವಂತೆ ನೋಡಿಕೊಳ್ಳಿ. ನೆಲ ಹತ್ತಿರ ಬಂದಾಗ ಎರಡೂ ಕೈಯ ಬ್ರೇಕ್ ಹಗ್ಗಗಳನ್ನು ಸಮವಾಗಿ ಎಳೆಯಿರಿ.

ಹಂತ 8: ಮರದಲ್ಲಿ ಸಿಕ್ಕಿಕೊಂಡರೆ

ಇದು ಆಗಬಹುದು ಎಂದುಕೊಂಡೇ ಹೊರಡಿ. ಮರ ತಪ್ಪಿಸಲಾಗದು ಎಂದು ಖಚಿತವಾದರೆ ಅಂಚಿನ ರೆಂಬೆ ಬಿಟ್ಟು ದಟ್ಟವಾದ ಮರದ ನಡುವಿಗೇ ಹೋಗಿ, ಕಾಲು ಜೋಡಿಸಿ, ಮುಖ ಮುಚ್ಚಿಕೊಳ್ಳಿ. ಮರಗಸಿ ಮಾಡಿದ ತೋಟದಲ್ಲಿ ಕಡಿದ ರೆಂಬೆಗಳ ಮೊನೆ ಈಟಿಯಂತಿರುತ್ತದೆ, ಅಂಥ ತೋಟ ಬಿಟ್ಟು ಪಕ್ಕಕ್ಕೆ ಹೋಗಲು ಸಾಧ್ಯವಿದ್ದರೆ ಹೋಗಿ. ಸಿಕ್ಕಿಕೊಂಡ ಕೂಡಲೇ ಕಾಂಡಕ್ಕೋ ಗಟ್ಟಿ ರೆಂಬೆಗೋ ನಿಮ್ಮನ್ನು ಕಟ್ಟಿಕೊಳ್ಳಿ. ಒಬ್ಬರೇ ಇಳಿಯಲು ಹೋಗಬೇಡಿ. ನೋವಿಲ್ಲದೆ ಮರದಲ್ಲಿ ಕೂತವರಿಗೂ ಪೆಟ್ಟಾಗುವುದು ಇಳಿಯುವಾಗಲೇ.

ಕೆಳಗಿದ್ದವರು ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಹುಡುಕಲಿ. ಮೆಣಸು ಕೊಯ್ಯುವ ಉದ್ದದ ಏಣಿ, ಅದನ್ನು ಹತ್ತಿ ಪಳಗಿದ ಕೆಲಸಗಾರರು ಎರಡೂ ಅಲ್ಲೇ ಸಿಗುತ್ತಾರೆ. ಆದರೆ ಅಲ್ಯೂಮಿನಿಯಂ ಏಣಿ ಎತ್ತುವ ಮೊದಲು ಮೇಲೆ ತಂತಿ ಇದೆಯೇ ನೋಡಲೇಬೇಕು. ಏಣಿ ತಂತಿಗೆ ತಗುಲಿ ಕೆಲಸಗಾರರು ಸತ್ತ ಸುದ್ದಿ ಕಾಫಿ ನಾಡಿನಲ್ಲಿ ಹೊಸತಲ್ಲ. ರೆಕ್ಕೆಯೇ ತಂತಿಗೆ ಸಿಕ್ಕಿದ್ದರೆ ಯಾರೂ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ವಿದ್ಯುತ್ ಕಂಪನಿ ಚೆಸ್ಕಾಂನವರು ಲೈನ್ ಬಂದ್ ಮಾಡಿದ್ದು ಖಚಿತವಾದ ಮೇಲೆಯೇ ಮುಂದಿನ ಕೆಲಸ. ಪೆಟ್ಟಾಗಿದ್ದರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಬೆನ್ನಿಗೆ ಪೆಟ್ಟಾಗಿದೆ ಎಂದು ಅನುಮಾನವಿದ್ದರೆ ಎತ್ತಿ ಕೂರಿಸಬೇಡಿ. ತೋಟದ ಹೆಸರು, ಹತ್ತಿರದ ಬಸ್ ಸ್ಟಾಪ್ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡಿರಿ, ನೆಟ್‌ವರ್ಕ್ ಒಂದೆರಡು ನಿಮಿಷ ಸಿಕ್ಕಾಗ ಹೇಳಲು ಅನುಕೂಲ.

ಕತ್ತಲಾಗುವ ಮುನ್ನ ಎಲ್ಲ ಮುಗಿಯುವಂತೆ ದಿನದ ಕೊನೆಯ ಹಾರಾಟವನ್ನು ನಿಲ್ಲಿಸಿ. ತಿತಿಮತಿ, ಸಿದ್ದಾಪುರದ ಕಡೆಯ ತೋಟಗಳಲ್ಲಿ ಸಂಜೆಯಾದ ಮೇಲೆ ಆನೆ ಓಡಾಡುತ್ತವೆ. ರೆಕ್ಕೆ ಮರದ ಮೇಲೆ ಉಳಿದರೆ ಉಳಿಯಲಿ, ಬೆಳಿಗ್ಗೆ ಬಂದು ತೆಗೆಯಬಹುದು.

ಮನೆಗೆ ಬಂದ ಮೇಲೆ

ಗದ್ದೆಯಲ್ಲಿ ಇಳಿದ ರೆಕ್ಕೆಯೊಳಗೆ ಕೂಳೆಯ ಚೂರು, ಮಿಡತೆ, ಮಣ್ಣು ಸೇರಿರುತ್ತವೆ. ಹಿಂಬದಿಯ ಅಂಚು ಮೇಲೆ ಮಾಡಿ, ಬಾಯಿ ಕೆಳಗಾಗಿಸಿ ಕೊಡವಿ. ಒದ್ದೆಯಿದ್ದರೆ ನೆರಳಿನಲ್ಲಿ ಹರಡಿ, ಬಿಸಿಲಿಗೆ ಬೇಡ. ಬಿಸಿಲಿಗೆ ನೈಲಾನ್ ಬೇಗ ಬಲ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಜೂನ್‌ಗೆ ಮೊದಲು ಪೂರ್ತಿ ಒಣಗಿಸಿ, ಸಡಿಲವಾಗಿ ಮಡಚಿ, ಒಲೆಯ ಹೊಗೆ ತಾಗದ ಒಣ ಕೋಣೆಯಲ್ಲಿ ಇಡಿ. ರಿಸರ್ವ್ ಪ್ಯಾರಾಚೂಟನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಗಾಳಿಯಾಡಿಸಿ, ಬಲ್ಲವರ ಕೈಯಿಂದ ಮತ್ತೆ ಮಡಚಿಸಬೇಕು. ಕೊಡಗಿನವರು ಅದನ್ನು ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನ ಒಣ ಹವೆಯಲ್ಲಿ ಮಾಡಿಸಿದರೆ ಕೊಯ್ಲು ಮುಗಿದು ಗದ್ದೆ ಖಾಲಿಯಾಗುವ ಹೊತ್ತಿಗೆ ಸಾಮಾನು ಸಿದ್ಧವಿರುತ್ತದೆ.